ಹಾಸನ ಸೀಮೆಯ ದನದ ವೈದ್ಯದ ಮನೆತನಗಳು

ಹೇಮಾವತಿ ನದಿಯು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಸಮೀಪದಲ್ಲಿ ಹುಟ್ಟಿ, ಸಕಲೇಶಪುರವನ್ನು ದಾಟಿ, ಹಾಸನ, ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳ ನೆಲವನ್ನು ತೋಯಿಸುತ್ತ ಹೋಗಿ ಕಾವೇರಿಯನ್ನು ಕೂಡುತ್ತದೆ. ಈ ಹೊಳೆಯ ಸೀಮೆಯಲ್ಲಿ ಶೆಟ್ಟಿಹಳ್ಳಿಯೇ ಮೊದಲಾದ ಗ್ರಾಮಗಳ ಬೇಸಾಯವು ಬಹುಕಾಲ ಹಳ್ಳಿಕಾರ್ ಎತ್ತುಗಳ ಹೆಗಲ ಮೇಲೆಯೇ ನಿಂತಿದ್ದಿತು. ರಾಮನಾಥಪುರದ ಜಾತ್ರೆಯಲ್ಲಿಯೋ ಬೂಕನಬೆಟ್ಟದ ಜಾತ್ರೆಯಲ್ಲಿಯೋ ಒಂದು ಒಳ್ಳೆಯ ಜೋಡಿಯನ್ನು ಕೊಳ್ಳಬೇಕಾದರೆ ಒಕ್ಕಲಿನವನು ಎರಡು ಮೂರು ವರ್ಷಗಳ ಉಳಿತಾಯವನ್ನು ಸುರಿಯಬೇಕಾಗುತ್ತಿತ್ತು. ಮುಂಗಾರಿನ ಹದ ಬಿದ್ದ ವಾರದಲ್ಲಿ ಜೋಡಿಯ ಒಂದು ಎತ್ತು ಕಾಲೂರದೆ ಮಲಗಿತೆಂದರೆ ಆ ವರ್ಷದ ರಾಗಿಯೇ ಹೋದಂತೆ. ಇಂಥ ವೇಳೆಯಲ್ಲಿ ಆತನು ಓಡಿ ಹೋಗುತ್ತಿದ್ದುದು ಹತ್ತಾರು ಗ್ರಾಮಗಳಿಗೆ ಒಂದರಂತೆ ಇದ್ದ ದನದ ವೈದ್ಯದ ಮನೆಗೆ. ಆ ಮನೆತನಗಳ ವೃತ್ತಾಂತವನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ತಿಳಿದಿರುವುದು ಯುಕ್ತವಾಗಿದೆ. ಏಕೆಂದರೆ, ರಾಸಿಗೆ ಕಾಯಿಲೆ ಬಂದಾಗ ಮೊದಲು ಯಾರನ್ನು ಕರೆಯಿಸಬೇಕೆಂಬ ಪ್ರಶ್ನೆಯು ಇಂದಿಗೂ ಹಟ್ಟಿಯ ಬಾಗಿಲಲ್ಲಿ ನಿಂತೇ ತೀರ್ಮಾನವಾಗತಕ್ಕದ್ದಾಗಿರುತ್ತದೆ. ಆ ತೀರ್ಮಾನದಲ್ಲಿ ಊರಿನ ಹಿರಿಯರ ಮಾತಿಗೇ ತೂಕ ಹೆಚ್ಚು.

ಕನ್ನಡ ನಾಡಿನಲ್ಲಿ ಪಶುವೈದ್ಯವು ಹೊಸ ವಿದ್ಯೆಯಲ್ಲ. ಚಾಲುಕ್ಯ ವಂಶದ ಅರಸುಮಗನಾದ ಕೀರ್ತಿವರ್ಮನು ಸುಮಾರು ಕ್ರಿ. ಶ. 1125ರಲ್ಲಿಯೇ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅದರಲ್ಲಿ ಔಷಧವೂ ಮಂತ್ರವೂ ಬೆರೆತಿವೆ. ಕುದುರೆಗಳ ವಿಷಯವಾಗಿ ಪದ್ಮಣ ಪಂಡಿತನು 1627ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ ‘ಹಯಸಾರ ಸಮುಚ್ಚಯ’ವನ್ನು ಬರೆದನು. ಆದರೆ ಈ ಗ್ರಂಥಗಳು ಅರಮನೆಗೂ ಲಾಯಕ್ಕೂ ಸೇರಿದವು. ಹಳ್ಳಿಯ ವೈದ್ಯನ ಕೈಯಲ್ಲಿ ತಾಳೆಯ ಗರಿಯಿರಲಿಲ್ಲ. ಆತನ ವಿದ್ಯೆಯೆಲ್ಲವೂ ಕಣ್ಣಿನಲ್ಲಿ, ಬೆರಳಿನಲ್ಲಿ, ನಾಲಗೆಯ ತುದಿಯಲ್ಲಿ ಇದ್ದಿತು. ಅದು ತಂದೆಯಿಂದ ಮಗನಿಗೆ, ಮಗನಿಲ್ಲದಿದ್ದರೆ ಸೋದರಳಿಯನಿಗೆ ಇಳಿದು ಬರುತ್ತಿತ್ತು.

ಇಳಿದು ಬರುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹುಡುಗನು ಎಂಟು ಹತ್ತು ವರ್ಷದವನಾಗುತ್ತಲೇ ತಂದೆಯ ಹಿಂದೆ ಗೊಟ್ಟವನ್ನೂ ಬೇರಿನ ಚೀಲವನ್ನೂ ಹೊತ್ತು ನಡೆಯುತ್ತಿದ್ದನು. ಮೊದಲಿನ ಕೆಲವು ವರ್ಷಗಳು ಆತನಿಗೆ ಏನನ್ನೂ ಬಾಯಿ ಬಿಟ್ಟು ಕಲಿಸುತ್ತಿರಲಿಲ್ಲ. ರಾಸನ್ನು ಕೆಡವುವುದು, ಮೂಗುದಾರವನ್ನು ಹಿಡಿಯುವುದು, ಸೊಪ್ಪನ್ನು ಅರೆಯುವುದು ಇಷ್ಟೇ ಆತನ ಪಾಲಿನ ಕೆಲಸ. ಈ ಕೆಲಸದೊಳಗೆ ಆತನು ಮೆಲುಕು ನಿಂತ ದನದ ಮುಖ ಹೇಗಿರುತ್ತದೆ, ಜ್ವರ ಬಂದ ಕಿವಿಯ ಬುಡ ಎಷ್ಟು ಬಿಸಿಯಾಗಿರುತ್ತದೆ, ಸಗಣಿಯ ವಾಸನೆ ಯಾವಾಗ ಕೆಡುತ್ತದೆ ಎಂಬುದನ್ನು ತಾನಾಗಿಯೇ ಅರಿತುಕೊಳ್ಳುತ್ತಿದ್ದನು. ಗಿಡವನ್ನು ತೋರಿಸುತ್ತಿದ್ದುದು ಆಮೇಲೆ. ಬೇರನ್ನು ಕೀಳುವುದಕ್ಕೆ ವಾರ, ತಿಥಿ, ಮೌನ ಮುಂತಾದ ನಿಯಮಗಳಿದ್ದವು. ಗಿಡದ ಹೆಸರನ್ನು ಹೊರಗಿನವರಿಗೆ ಹೇಳಿದರೆ ಮದ್ದಿನ ಗುಣ ಹೋಗುತ್ತದೆಂಬ ನಂಬಿಕೆಯೂ ಇದ್ದಿತು. ಮನೆಯ ಹೆಂಗಸರಿಗೆ ಈ ವಿದ್ಯೆಯಲ್ಲಿ ಪಾಲಿಲ್ಲವೆಂದು ಭಾವಿಸಬಾರದು. ಕಷಾಯದ ಪಾಕ, ಕರುವಿನ ಭೇದಿಯ ಆರೈಕೆ, ಕೆಚ್ಚಲಿನ ತೊಂದರೆ, ಇವುಗಳಲ್ಲಿ ಅವರ ಕೈ ನುರಿತಿದ್ದಿತು. ಹಾಲು ಕರೆಯುತ್ತಿದ್ದವರು ಅವರೇ ಆದಕಾರಣ ಕೆಚ್ಚಲಿನ ಬಾವು ಮೊದಲು ಕಾಣುತ್ತಿದ್ದುದೂ ಅವರಿಗೇ.

ಪ್ರತಿಫಲದ ವಿಷಯದಲ್ಲಿ ಈ ಮನೆತನಗಳ ಪದ್ಧತಿಯು ಗಮನಾರ್ಹವಾದದ್ದು. ಚಿಕಿತ್ಸೆಯ ದಿನ ಹಣವನ್ನು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಷ್ಟರಿಂದ ಮರ್ಯಾದೆ ಸಂದಾಯವಾಗುತ್ತಿತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದಾಗ ಒಕ್ಕಲಿನವನು ಮೊರದಲ್ಲಿ ರಾಗಿಯನ್ನೋ ಭತ್ತವನ್ನೋ ಅಳೆದು ಕೊಡುತ್ತಿದ್ದನು. ಇದನ್ನು ಕೇವಲ ಔದಾರ್ಯವೆಂದು ತಿಳಿಯುವುದು ಸರಿಯಲ್ಲ. ವರ್ಷಕ್ಕೊಮ್ಮೆ ಧಾನ್ಯ ಪಡೆಯುವ ವೈದ್ಯನಿಗೆ ರಾಸುಗಳು ಆರೋಗ್ಯವಾಗಿರುವುದರಲ್ಲಿಯೇ ಲಾಭವಿದ್ದಿತು, ಕಾಯಿಲೆ ಬೀಳುವುದರಲ್ಲಿ ಅಲ್ಲ. ಆದರೆ ಈ ಏರ್ಪಾಡು ನಿಂತದ್ದು ಗ್ರಾಮದ ಒಗ್ಗಟ್ಟಿನ ಮೇಲೆ. ಒಗ್ಗಟ್ಟು ಸಡಿಲಿದೊಡನೆ ಅದೂ ಸಡಿಲಿತು.

ಈ ವೈದ್ಯರು ಚೆನ್ನಾಗಿ ಮಾಡುತ್ತಿದ್ದ ಕೆಲಸಗಳು ಹಲವು. ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟುವುದು, ಅಡ್ಡವಾದ ಕರುವನ್ನು ತಿರುಗಿಸಿ ಈಯಿಸುವುದು, ಹುಳು ಬಿದ್ದ ಹುಣ್ಣಿಗೆ ಸೀತಾಫಲದ ಎಲೆಯನ್ನೂ ಕರ್ಪೂರವನ್ನೂ ಹಚ್ಚುವುದು, ನೊಗ ಉಜ್ಜಿ ಬಾತ ಹೆಗಲಿಗೆ ಅರಿಶಿನ ಬೇವಿನೆಣ್ಣೆಗಳ ಲೇಪವನ್ನಿಡುವುದು, ಇವೆಲ್ಲಕ್ಕೂ ಇಂದಿನ ಶಾಸ್ತ್ರದ ಸಮ್ಮತಿಯು ಬಹುಮಟ್ಟಿಗೆ ದೊರೆಯುತ್ತದೆ. ಹಸಿಯ ಸೊಪ್ಪನ್ನು ಅತಿಯಾಗಿ ತಿಂದು ಹೊಟ್ಟೆ ಉಬ್ಬರಿಸಿದ ರಾಸಿಗೆ ಎಣ್ಣೆಯನ್ನು ಕುಡಿಸುತ್ತಿದ್ದುದೂ ಯುಕ್ತವಾದ ಚಿಕಿತ್ಸೆಯೇ ಹೌದು. ನೊರೆಯ ಉಬ್ಬರದಲ್ಲಿ ಎಣ್ಣೆಯು ನೊರೆಯನ್ನು ಒಡೆದು ವಾಯುವಿಗೆ ದಾರಿ ಮಾಡಿಕೊಡುತ್ತದೆ. ರಾಸುಗಳ ಸುಳಿಯನ್ನು ನೋಡಿ ಶುಭಾಶುಭವನ್ನು ಹೇಳುತ್ತಿದ್ದುದು ಮಾತ್ರ ಬೇರೆ ಮಾತು. ಸುಳಿಯ ದೋಷವೆಂಬ ಒಂದು ಮಾತಿನಿಂದ ಗಟ್ಟಿಮುಟ್ಟಾದ ಎಷ್ಟು ಎತ್ತುಗಳು ಜಾತ್ರೆಯಲ್ಲಿ ಅರೆಬೆಲೆಗೆ ಹೋದವೋ ಲೆಕ್ಕವಿಟ್ಟವರಿಲ್ಲ!

ಕೆಟ್ಟದಾಗಿ ಮಾಡುತ್ತಿದ್ದ ಕೆಲಸಗಳನ್ನೂ ಮುಚ್ಚಿಡಲಾಗದು. ಯಾವ ಕಾಯಿಲೆಗೂ ಬರೆ ಹಾಕುವುದು ಮೊದಲನೆಯದು. ಕಾದ ಕಬ್ಬಿಣದ ಬರೆಯಿಂದ ರಾಸಿಗೆ ಯಾತನೆಯೂ ಚರ್ಮಕ್ಕೆ ನಷ್ಟವೂ ಉಂಟಾಗುತ್ತಿದ್ದವಲ್ಲದೆ ರೋಗದ ಮೂಲವು ಹಾಗೆಯೇ ಉಳಿಯುತ್ತಿತ್ತು. ಹೋರಿಯ ಬೀಜವನ್ನು ಕಲ್ಲಿನಿಂದಲೋ ದೊಣ್ಣೆಯಿಂದಲೋ ಜಜ್ಜುವುದು ಎರಡನೆಯದು. ಬರ್ಡಿಜೊ ಇಕ್ಕಳವು ಬಂದ ಮೇಲೆ ಇದಕ್ಕೆ ಯಾವ ನೆಪವೂ ಉಳಿದಿಲ್ಲ. ಮೂರನೆಯದು ಗೊಟ್ಟದ ದುರುಪಯೋಗವು. ದನದ ಮೂತಿಯನ್ನು ಆಕಾಶಕ್ಕೆ ಎತ್ತಿ, ನಾಲಗೆಯನ್ನು ಹೊರಕ್ಕೆಳೆದು ಹಿಡಿದು, ಸೇರುಗಟ್ಟಲೆ ಕಷಾಯವನ್ನು ಸುರಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥ ರಾಸು ಎರಡು ಮೂರು ದಿನಗಳಲ್ಲಿ ಉಸಿರಾಟದ ಬಾಧೆಯಿಂದ ಸಾಯುತ್ತದೆ. ಸಾವು ಮೂಲದ ಕಾಯಿಲೆಯಿಂದಲೇ ಬಂತೆಂದು ಮನೆಯವರು ತಿಳಿಯುತ್ತಾರೆ. ಗೊಟ್ಟವನ್ನು ಬಳಸಲೇಬೇಕಾದಲ್ಲಿ ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತದೆ, ನಾಲಗೆಯನ್ನು ಹಿಡಿಯದೆ, ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಕೆಮ್ಮು ಬಂದೊಡನೆ ತಲೆಯನ್ನು ಬಿಟ್ಟುಬಿಡತಕ್ಕದ್ದು. ಪ್ರಜ್ಞೆ ತಪ್ಪಿ ಮಲಗಿದ ರಾಸಿಗೆ ಬಾಯಿಯ ಮೂಲಕ ಏನನ್ನೂ ಹಾಕಕೂಡದು.

ಸರ್ಕಾರದ ಆಶ್ರಯದಲ್ಲಿಯೂ ವಂಶಪಾರಂಪರ್ಯದ ದನಗಾಹಿಗಳಿದ್ದರೆಂಬುದನ್ನು ಇಲ್ಲಿ ಜ್ಞಾಪಿಸಬಹುದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರನ್ನು ಪಡೆಯಿತು. 1799ರಲ್ಲಿ ಅದು ಇಂಗ್ಲಿಷರ ವಶವಾಯಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಂದೆಗಳನ್ನು ಮಾರಿಬಿಟ್ಟರು. ಸೈನ್ಯಕ್ಕೆ ಒಳ್ಳೆಯ ಎತ್ತುಗಳು ಸಿಗದೆ ಹೋದಾಗ 1866ರಲ್ಲಿ ಪುನಃ ಕಟ್ಟಬೇಕಾಯಿತು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಂದಿತು. 1923ರಲ್ಲಿ ವ್ಯವಸಾಯದ ಇಲಾಖೆಗೆ ಸೇರಿತು. ಮಂದೆಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿಗೆ ಅಟ್ಟುತ್ತಿದ್ದರು. ಬೇಸಗೆಯ ಕಾವಲು ಸಾಮಾನ್ಯವಾಗಿ ಕೆರೆಯ ಅಂಗಳ. ಅಲ್ಲಿ ನೆರಳೂ ಹಸಿರೂ ಇರುತ್ತಿದ್ದವು. ಈ ಸ್ಥಳಾಂತರವನ್ನು ಮೇವಿನ ಏರ್ಪಾಡೆಂದು ಮಾತ್ರ ಎಣಿಸಬಾರದು. ಒಂದೇ ನೆಲದಲ್ಲಿ ವರ್ಷವಿಡೀ ನಿಂತ ಮಂದೆಗೆ ತಗಲುವ ಉಣ್ಣೆ, ಜಂತುಗಳ ಬಾಧೆಯೂ ಇದರಿಂದ ತಗ್ಗುತ್ತಿತ್ತು. ಅಂಥ ತಿಳಿವಳಿಕೆಯು ಕಾವಲಿನ ದನಗಾಹಿಗಳ ಕುಟುಂಬಗಳಲ್ಲಿ ಬೆಳೆದು ಬಂದದ್ದು.

ಇಷ್ಟೆಲ್ಲ ವಿದ್ಯೆಯೂ ಒಂದು ರೋಗದ ಮುಂದೆ ಸೋತು ಕೈಕಟ್ಟಿ ನಿಂತಿತು. ಅದೇ ದೊಡ್ಡರೋಗವು. ಇಂಗ್ಲಿಷಿನಲ್ಲಿ ಇದಕ್ಕೆ ರಿಂಡರ್‌ಪೆಸ್ಟ್ ಎಂದು ಹೆಸರು. ಮೊದಲು ಬಿರುಸಾದ ಜ್ವರ, ಕಣ್ಣು ಮೂಗುಗಳಿಂದ ಸೋರಿಕೆ, ಬಾಯಲ್ಲಿ ಹುಣ್ಣು, ಅನಂತರ ದುರ್ವಾಸನೆಯ ಭೇದಿ, ವಾರ ಹತ್ತು ದಿನಗಳಲ್ಲಿ ಮರಣ. ರೋಗವು ಪ್ರಬಲವಾದ ಕಡೆ ಹಟ್ಟಿಯ ಅರ್ಧಕ್ಕಿಂತ ಹೆಚ್ಚು ದನಗಳು ಒಂದೇ ತಿಂಗಳಲ್ಲಿ ಮಣ್ಣು ಸೇರುತ್ತಿದ್ದವು. ಭಾರತದ ದನಗಳ ಪಿಡುಗಿನ ವಿಷಯವಾಗಿ ನೇಮಿಸಿದ್ದ ಕಮಿಷನ್ನಿನವರು 1871ರಲ್ಲಿಯೇ ವರದಿಯನ್ನು ಒಪ್ಪಿಸಿದ್ದರೂ ಪರಿಹಾರವು ಬೇಗ ಬರಲಿಲ್ಲ. ಮನೆತನದ ವೈದ್ಯನು ಕಷಾಯ ಕೊಟ್ಟನು, ಬರೆ ಹಾಕಿದನು, ಕಡೆಗೆ ಮಾರಿಯ ಪೂಜೆಗೆ ಹೇಳಿದನು. ಪೂಜೆಯ ದಿನಗಳಲ್ಲಿ ಊರ ಗಡಿಯನ್ನು ಕಟ್ಟಿ, ಹೊರಗಿನ ದನವನ್ನು ಒಳಕ್ಕೂ ಒಳಗಿನ ದನವನ್ನು ಹೊರಕ್ಕೂ ಬಿಡದಿದ್ದ ಕಡೆಗಳಲ್ಲಿ ಸ್ವಲ್ಪ ಪ್ರಯೋಜನವಾದದ್ದುಂಟು. ಅದು ಗಡಿಯನ್ನು ಕಟ್ಟಿದ್ದರ ಫಲ. ಆದರೆ ಮಾರಿಯನ್ನು ನೆರೆಯೂರಿನ ಎಲ್ಲೆಗೆ ದಾಟಿಸುವ ಮೆರವಣಿಗೆಯ ಜೊತೆಗೆ ರೋಗವೂ ಎಲ್ಲೆ ದಾಟಲು ಅವಕಾಶವಿದ್ದಿತು.

ಒಂದು ಸಂಗತಿಯನ್ನು ಮಾತ್ರ ಹಳಬರು ಸರಿಯಾಗಿಯೇ ಗುರುತಿಸಿದ್ದರು. ದೊಡ್ಡರೋಗದಿಂದ ಒಮ್ಮೆ ಬದುಕಿದ ರಾಸಿಗೆ ಅದು ಮತ್ತೆ ಬರುವುದಿಲ್ಲ. ಈ ಗುಣದ ಮೇಲೆಯೇ ಹೊಸ ಶಾಸ್ತ್ರವೂ ತನ್ನ ಕಟ್ಟಡವನ್ನೆತ್ತಿತು. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಶಾಲೆಯಲ್ಲಿ ಸೀರಂ ತಯಾರಾಗತೊಡಗಿತು. ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು; ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯು ಅದರ ಮುಂದುವರಿಕೆಯೇ ಆಗಿರುತ್ತದೆ. ಬರಿಯ ಸೀರಂ ಕೊಟ್ಟರೆ ರಕ್ಷಣೆಯು ಕೆಲವು ವಾರಗಳಿಗೆ ಮಾತ್ರ. ಸೀರಮ್ಮಿನ ಜೊತೆಗೆ ರೋಗದ ರಕ್ತವನ್ನೂ ಚುಚ್ಚಿದರೆ ರಕ್ಷಣೆಯು ಬಹುಕಾಲ ಉಳಿಯುತ್ತಿತ್ತು. ಆದರೆ ಆ ರಕ್ತದೊಡನೆ ಬೇರೆ ರೋಗಗಳೂ ಬರುವ ಅಪಾಯವಿದ್ದಿತು. ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ ರೋಗದ ವಿಷಾಣುವನ್ನು ಆಡಿನಿಂದ ಆಡಿಗೆ ದಾಟಿಸಿ, ದನಗಳ ಮಟ್ಟಿಗೆ ಅದರ ಉಗ್ರತೆಯನ್ನು ತಗ್ಗಿಸಿದ ಮೇಲೆ ಅಗ್ಗವಾದ ಲಸಿಕೆಯು ದೊರೆಯಿತು.

ಲಸಿಕೆಯ ಸೂಜಿಯು ಹಳ್ಳಿಗೆ ಬಂದಾಗ ವೈದ್ಯದ ಮನೆಗಳು ಏನು ಮಾಡಿದವೆಂಬುದು ಈ ವೃತ್ತಾಂತದ ತಿರುಳು. ಸೂಜಿಯನ್ನು ವಿರೋಧಿಸಿ, ಚುಚ್ಚಿಸಿದ ಹಸು ಗರ್ಭ ಕಳೆದುಕೊಳ್ಳುತ್ತದೆ, ಎತ್ತು ಬಲಗೆಡುತ್ತದೆ ಎಂದು ಹೇಳಿದ ಮನೆಗಳ ಮಾತನ್ನು ನಂಬಿದ ಒಕ್ಕಲುಗಳು ಹಟ್ಟಿಯನ್ನು ಬರಿದು ಮಾಡಿಕೊಂಡವು. ಸೂಜಿಯವನ ಮುಂದೆ ಮೊದಲು ತನ್ನ ದನವನ್ನೇ ಕಟ್ಟಿದ ವೈದ್ಯನ ಮಾತು ಮಾತ್ರ ಅಮಲ್ದಾರರ ಹುಕುಮಿಗಿಂತಲೂ ಬಲವಾಗಿ ನಡೆಯಿತು. ಮುಖಂಡರು ಇದನ್ನು ಗಮನಿಸತಕ್ಕದ್ದು: ಹಳ್ಳಿಯಲ್ಲಿ ಹೊಸ ಕ್ರಮವು ಬೇರೂರುವುದು ಹಳೆಯ ನಂಬಿಕೆಯ ಮನೆಯ ಮೂಲಕವೇ. 1954ರಲ್ಲಿ ದೇಶದಾದ್ಯಂತದ ನಿರ್ಮೂಲನ ಕಾರ್ಯವು ಆರಂಭವಾಯಿತು. ಭಾರತದಲ್ಲಿ ದೊಡ್ಡರೋಗವು ಕಡೆಯ ಸಲ ಕಂಡದ್ದು 1995ರಲ್ಲಿ. ದೇಶವು ಇದರಿಂದ ಮುಕ್ತವಾಯಿತೆಂದು 2006ರಲ್ಲಿಯೂ, ಲೋಕವೇ ಮುಕ್ತವಾಯಿತೆಂದು 2011ರಲ್ಲಿಯೂ ಪ್ರಕಟವಾಯಿತು. ಮನುಷ್ಯರ ಸಿಡುಬನ್ನು ಬಿಟ್ಟರೆ ಹೀಗೆ ಭೂಮಿಯಿಂದಲೇ ಅಳಿದುಹೋದ ರೋಗವು ಇದೊಂದೇ.

ಮೊದಲಿನ ತಲೆಮಾರಿನ ವೈದ್ಯನಿಗೆ ಎದುರಾಳಿಯು ದೊಡ್ಡರೋಗವಾದರೆ, ಆತನ ಮಗನಿಗೆ ಆಸ್ಪತ್ರೆಯು ಎದುರಾಯಿತು, ಮೊಮ್ಮಗನಿಗೆ ದನವೇ ಬದಲಾಯಿತು. ಈ ಕಡೆಯ ಮಾತನ್ನು ವಿವರಿಸಬೇಕು. ಮನೆತನದ ವಿದ್ಯೆಯು ಹಳ್ಳಿಕಾರ್ ರಾಸಿನ ವಿದ್ಯೆ. ಆ ರಾಸು ಹಾಲು ಕೊಡುವುದು ಕಡಮೆ. ಬಿಸಿಲನ್ನೂ ಉಣ್ಣೆಯನ್ನೂ ತಾಳುವುದು ಹೆಚ್ಚು. ಕೃತಕ ಗರ್ಭಧಾರಣೆಯಿಂದ ಜರ್ಸಿ, ಹೋಲ್‌ಸ್ಟೀನ್ ರಕ್ತವು ಹಟ್ಟಿಗೆ ಬಂದು, ಹಾಲಿನ ಡೇರಿಯು ಊರೂರಿಗೆ ಹಬ್ಬಿದ ಮೇಲೆ ತಾತನು ಅಪರೂಪವಾಗಿ ಕಂಡಿದ್ದ ಕಾಯಿಲೆಗಳು ದಿನನಿತ್ಯದ ಮಾತಾದವು. ಈದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲಿನ ಹಸು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ, ಮೈ ತಣ್ಣಗಾಗಿ ಮಲಗಿಬಿಡುತ್ತದೆ. ಇದು ಹಾಲುಜ್ವರವು. ಹೆಸರಿನಲ್ಲಿ ಜ್ವರವಿದ್ದರೂ ಮೈಯಲ್ಲಿ ಜ್ವರವಿರುವುದಿಲ್ಲ. ರಕ್ತದ ಸುಣ್ಣದ ಅಂಶವು ಹಾಲಿಗೆ ಹರಿದು ಕಡಮೆಯಾದದ್ದೇ ಇದರ ಕಾರಣ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿಯೇ ಎದ್ದು ನಿಲ್ಲುತ್ತದೆ. ಇದನ್ನು ಗಾಳಿ ಸೋಂಕೆಂದು ಬಗೆದು ಗೊಟ್ಟದಲ್ಲಿ ಕಷಾಯ ಸುರಿದರೆ, ನುಂಗುವ ಶಕ್ತಿ ಕುಗ್ಗಿರುವ ಹಸುವಿಗೆ ಅದೇ ಮೃತ್ಯುವಾಗುತ್ತದೆ. ಉಣ್ಣೆಯ ಜ್ವರದ ವಿಷಯವೂ ಹೀಗೆಯೇ.

ನೆಲವೂ ಬದಲಾಯಿತು. ಗೊರೂರಿನ ಬಳಿ ಕಟ್ಟಿದ ಹೇಮಾವತಿ ಅಣೆಕಟ್ಟೆಯು 1979ರಲ್ಲಿ ಮುಗಿದು, ಹೊಳೆಯ ದಡದ ಹೊಲ, ಗದ್ದೆ, ಹುಲ್ಲುಗಾವಲುಗಳು ಹಿನ್ನೀರಿನಡಿಯಾದವು. ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿನ ನಡುವೆಯೂ ಬೇಸಗೆಯಲ್ಲಿ ಒಣನೆಲದ ಮೇಲೆಯೂ ಕಾಣುವುದನ್ನು ನೋಡಲು ದೂರದೂರದ ಜನರು ಬರುತ್ತಾರೆ. ಕಾಣದೆ ಹೋದದ್ದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಊರು ಚದುರಿದರೆ ಕಣದ ರಾಗಿಯ ಸಂಬಂಧವೂ ಚದುರುತ್ತದೆ. ಹೊಳೆಯಂಚಿನ ಗಿಡವು ಮುಳುಗಿದರೆ ಆ ಗಿಡವನ್ನು ಗುರುತಿಸುವ ಕಣ್ಣೂ ಒಂದು ತಲೆಮಾರಿನಲ್ಲಿ ಮುಚ್ಚಿಹೋಗುತ್ತದೆ. ಗುಟ್ಟಾಗಿಟ್ಟ ವಿದ್ಯೆಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಅಜ್ಜನು ಹೇಳದೆ ತೀರಿಕೊಂಡರೆ ಹುಡುಕಲು ಪುಸ್ತಕವಿಲ್ಲ.

ವೃತ್ತಿಯ ಹಾದಿಯೂ ಬೇರೆಯಾಯಿತು. ಮುಂಬಯಿಯಲ್ಲಿ 1886ರಲ್ಲಿಯೂ ಮದರಾಸಿನಲ್ಲಿ 1903ರಲ್ಲಿಯೂ ಇದ್ದ ಪಶುವೈದ್ಯ ವಿದ್ಯಾಲಯವು ಬೆಂಗಳೂರಿಗೆ ಬಂದದ್ದು 1958ರಲ್ಲಿ, ಹಾಸನಕ್ಕೆ 2007ರಲ್ಲಿ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಶಾಸನದ ಪ್ರಕಾರ ಪದವಿ ಪಡೆದು ನೋಂದಣಿಯಾದವರು ಮಾತ್ರವೇ ಪಶುವೈದ್ಯ ವೃತ್ತಿಯನ್ನು ನಡೆಸಬಹುದು. ತರಬೇತಿ ಹೊಂದಿದ ಕಿರಿಯ ಸಿಬ್ಬಂದಿಯವರು ಸರ್ಕಾರದ ಆಜ್ಞೆಯಂತೆ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಚಿಕಿತ್ಸೆಗಳನ್ನು ಮಾಡಬಹುದು. ವಂಶದ ಹಕ್ಕಿಗೆ ಇದರಲ್ಲಿ ಸ್ಥಾನವಿಲ್ಲ. ಇದು ಕಠಿನವೆಂದು ತೋರಬಹುದು. ಆದರೆ ಅರಿವಳಿಕೆ, ಪ್ರತಿಜೈವಿಕ ಔಷಧ, ಶಸ್ತ್ರಕ್ರಿಯೆ ಇವುಗಳನ್ನು ಅರಿಯದ ಕೈಗೆ ಕೊಡುವುದು ರಾಸಿಗೂ ಹಾಲು ಕುಡಿಯುವ ಮಕ್ಕಳಿಗೂ ಕ್ಷೇಮವಲ್ಲ.

ಹಾಗೆಂದು ಮನೆತನದ ಮದ್ದೆಲ್ಲವನ್ನೂ ತಿಪ್ಪೆಗೆ ಎಸೆಯತಕ್ಕದ್ದಲ್ಲ. ಪರೀಕ್ಷಿಸಿ ಆರಿಸಿಕೊಳ್ಳುವ ಕಾರ್ಯವು ನಡೆದಿದೆ. ಕೆಚ್ಚಲು ಬಾವಿಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಪ್ರಚಾರ ಮಾಡಿರುವ ಲೇಪವು ಇಂಥದು: ಲೋಳೆಸರ 250 ಗ್ರಾಂ, ಅರಿಶಿನದ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ, ಇವನ್ನು ನುಣ್ಣಗೆ ಅರೆದರೆ ಕೆಂಪಾದ ಪಾಕವಾಗುತ್ತದೆ. ಕೆಚ್ಚಲಿನ ಹಾಲನ್ನು ಪೂರ್ತಿಯಾಗಿ ಕರೆದು ಚೆಲ್ಲಿ, ತೊಳೆದು, ಪಾಕದಲ್ಲಿ ಒಂದು ಹಿಡಿಯಷ್ಟನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಇಡೀ ಕೆಚ್ಚಲಿಗೆ ಹಚ್ಚಬೇಕು. ದಿನಕ್ಕೆ ಎಂಟು ಹತ್ತು ಸಲ, ಐದು ದಿನಗಳವರೆಗೆ ಹೀಗೆ ಮಾಡತಕ್ಕದ್ದು. ದಿನವೂ ಹೊಸದಾಗಿ ಅರೆಯಬೇಕು. ಮೊದಲ ದಿನವೇ ಹಿಡಿದ ಬಾವಿಗೆ ಇದು ಹಿತವಾದದ್ದು. ಹಸುವಿಗೆ ಜ್ವರ ಬಂದು ಮೇವು ಬಿಟ್ಟಿದ್ದರೆ, ಅಥವಾ ಹಾಲಿನಲ್ಲಿ ರಕ್ತ ಕಂಡರೆ, ಲೇಪವನ್ನು ನಂಬಿ ಕಾಯದೆ ವೈದ್ಯರನ್ನು ಕರೆಯಿಸಬೇಕು. 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕದಲ್ಲಿ ಹರಡಿದಾಗಲೂ ವೀಳ್ಯದೆಲೆ, ಕರಿಮೆಣಸು, ಉಪ್ಪು, ಬೆಲ್ಲಗಳ ಮದ್ದು ಉಪಚಾರಕ್ಕೆ ಬಳಕೆಯಾಯಿತು. ರೋಗವನ್ನು ತಡೆಯುವುದಕ್ಕೆ ಆಡಿನ ಸಿಡುಬಿನ ಲಸಿಕೆಯನ್ನೇ ಹಾಕಿದರು. ಎರಡರ ಕೆಲಸವೂ ಬೇರೆ ಬೇರೆ.

ಮುಖಂಡರು ಎಚ್ಚರಿಕೆಯಿಂದ ಇರಬೇಕಾದ ಸಂದರ್ಭಗಳು ಕೆಲವಿವೆ. ಚೆನ್ನಾಗಿದ್ದ ರಾಸು ಹಠಾತ್ತಾಗಿ ಸತ್ತು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗವಾಗಿರಬಹುದು. ಅಂಥ ಹೆಣವನ್ನು ಸುಲಿಯಲೂ ಕೊಯ್ಯಲೂ ಬಿಡಕೂಡದು. ಕೊಯ್ದರೆ ರೋಗದ ಬೀಜವು ಮಣ್ಣಿಗಿಳಿದು ದಶಕಗಳ ಕಾಲ ಬದುಕುತ್ತದೆ, ಮನುಷ್ಯನಿಗೂ ತಗಲುತ್ತದೆ. ಆರು ಅಡಿಯ ಗುಂಡಿಯಲ್ಲಿ ಸುಣ್ಣದೊಡನೆ ಹೂಳಿಸಬೇಕು. ಜೊಲ್ಲು ಸುರಿಸುತ್ತ ವಿಕಾರವಾಗಿ ಕೂಗುವ ದನಕ್ಕೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಿಸಬಾರದು. ಹುಚ್ಚುನಾಯಿ ಕಡಿದ ರಾಸಿನ ಲಕ್ಷಣವೂ ಅದೇ. ಹೀಗೆ ಕೈ ಹಾಕುವವನೂ ಸಾಮಾನ್ಯವಾಗಿ ಊರಿನ ಹಳೆಯ ವೈದ್ಯನೇ ಆಗಿರುತ್ತಾನೆ. ಅಂಥ ಜೊಲ್ಲು ತಗಲಿದ ಕೈಯನ್ನು ಕೂಡಲೆ ಸಾಬೂನಿನಿಂದ ಕಾಲು ಗಂಟೆಯ ಕಾಲ ತೊಳೆಯಿಸಿ, ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ಗಳಲೆ, ಚಪ್ಪೆ ರೋಗಗಳ ಲಸಿಕೆಯನ್ನು ಮುಂಗಾರಿಗೆ ಮೊದಲೇ ಹಾಕಿಸತಕ್ಕದ್ದು. ಕಾಲುಬಾಯಿ ರೋಗದ ಲಸಿಕೆಯನ್ನು 2019ರಲ್ಲಿ ಆರಂಭವಾದ ಕಾರ್ಯಕ್ರಮದ ಪ್ರಕಾರ ಆರು ತಿಂಗಳಿಗೊಮ್ಮೆ ಹಾಕುತ್ತಾರೆ. ತುರ್ತಾದ ವೇಳೆಯಲ್ಲಿ 1962 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಯಿಸಿಕೊಳ್ಳಬಹುದು.

ತಮ್ಮ ಗ್ರಾಮದಲ್ಲಿ ದನದ ವೈದ್ಯದ ಹಳೆಯ ಮನೆಯೊಂದು ಇನ್ನೂ ಉಳಿದಿದ್ದರೆ, ಅಲ್ಲಿನ ಹಿರಿಯರು ಒಪ್ಪಿದಲ್ಲಿ, ಅವರು ಬಳಸುವ ಗಿಡದ ಒಂದು ರೆಂಬೆಯನ್ನು ಹೂವು ಕಾಯಿ ಸಮೇತ ಕಾಗದದ ನಡುವೆ ಒತ್ತಿ ಒಣಗಿಸಿ, ಊರಿನಲ್ಲಿ ಅದಕ್ಕಿರುವ ಹೆಸರು, ಸಿಗುವ ಸ್ಥಳ, ಯಾವ ಕಾಯಿಲೆಗೆ ಎಷ್ಟು ತೂಕ, ಎಷ್ಟು ದಿನ ಎಂಬುದನ್ನು ಪಕ್ಕದಲ್ಲಿ ಬರೆದು, ತೋರಿಸಿಕೊಟ್ಟವರ ಹೆಸರನ್ನೂ ಸೇರಿಸಿ ಹತ್ತಿರದ ಪಶುವೈದ್ಯರಿಗೆ ಒಪ್ಪಿಸಬಹುದು. ತೂಕವನ್ನು ಹಿಡಿ, ಚಿಟಿಕೆಗಳಲ್ಲಿ ಬರೆಯದೆ ತಕ್ಕಡಿಯಲ್ಲಿ ತೂಗಿ ಗ್ರಾಂಗಳಲ್ಲಿ ಬರೆಯುವುದು ಉತ್ತಮ. ಒಬ್ಬೊಬ್ಬರ ಹಿಡಿಯೂ ಒಂದೊಂದು ಅಳತೆಯಾಗಿರುತ್ತದೆ.